ಜೌಗಿನ ನಡುವಿನ ಬಾಟಲಿ

ಫೆಬ್ರವರಿ 1, ಬುಧವಾರ

ಸಂತ ಬ್ರಿಜಿಡಳ ಹಬ್ಬ. ಅತ್ತೆ ಬೆಳಿಗ್ಗೆಯಿಂದ ಜೊಂಡು ಹೆಣೆದು ಶಿಲುಬೆ ಮಾಡುತ್ತ ಕೂತಿದ್ದಾರೆ, ಅಡುಗೆಮನೆ ತುಂಬ ಜೊಂಡಿನ ಚೂರು. ಅದರ ನಡುವೆ ನಮ್ಮ ಜಿಲ್ಲೆಯ ಕೌಂಟಿ ಕಚೇರಿಯಿಂದ ಕಾಗದ ಬಂತು. ನಾವು ಕಟ್ಟಬೇಕೆಂದಿರುವ ಎರಡನೇ ಕೋಳಿಮನೆಗೆ ಅನುಮತಿ ಈಗಲೇ ಇಲ್ಲವಂತೆ. ನಮ್ಮ ಹೊಲಕ್ಕೆ ತಾಗಿಕೊಂಡಿರುವ ಡೆರಿಲಾಹಾನ್ ಜೌಗಿನ ಮೇಲೆ ಎಷ್ಟು ಸಾರಜನಕ ಬೀಳುತ್ತಿದೆ ಎಂದು ಮಾರ್ಚಿನಿಂದ ಅಕ್ಟೋಬರ್‌ವರೆಗೆ ಅಳೆಯುತ್ತಾರಂತೆ. ಜೌಗು ತಾಳುವುದಕ್ಕೂ ಒಂದು ಮಿತಿ ಇದೆಯಂತೆ. ಅದರ ಕೆಳಗಿದ್ದರೆ ಕೋಳಿಮನೆ, ದಾಟಿದರೆ ಇಲ್ಲ.

ಮೈಯೆಲ್ಲ ಉರಿದುಹೋಯಿತು. ಆ ಕರಿ ಕೆಸರು ಗುಂಡಿ ಈ ಹೊಲ ನನಗೆ ಬಿಟ್ಟುಹೋದ ನಮ್ಮಪ್ಪನ ಕಾಲಕ್ಕೆ ಒಲೆಗೆ ಉರಿಸಲು ನಾಲ್ಕು ಒಣಮಣ್ಣಿನ ಹೆಂಟೆ ಕೊಟ್ಟಿತು, ಆಮೇಲೆ ನಮ್ಮ ಮೂರು ಕುರಿ ನುಂಗಿತು. ಅದಕ್ಕೆ ಈಗ ಮರ್ಯಾದೆ ಬೇರೆ!

ನನಗೆ ಬೇಕಾದದ್ದು ಒಂದೇ. ಫಿಂಟನ್ ಮೇವಿನ ಲಾರಿ ಬಿಟ್ಟು ಮನೆಯಲ್ಲಿರಬೇಕು. ಸೋಮವಾರ ಹೋದರೆ ಗುರುವಾರ ಸಂಜೆ ಬರುತ್ತಾನೆ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಶುಕ್ರವಾರ, ಶನಿವಾರ, ಭಾನುವಾರದ ಗಂಡನ ಜೊತೆ ಸಂಸಾರ ಮಾಡುತ್ತಿದ್ದೇನೆ. ಎರಡು ಕೋಳಿಮನೆ ಇದ್ದರೆ ಇಬ್ಬರೂ ಇಲ್ಲೇ ದುಡಿದು ಉಣ್ಣಬಹುದು. ಈ ಡೈರಿಯನ್ನು ಕೊಟ್ಟದ್ದೂ ಆ ಮೇವಿನ ಕಂಪನಿಯೇ. ಗಂಡನನ್ನು ಇಟ್ಟುಕೊಂಡು ನನಗೆ ಪುಸ್ತಕ ಕಳಿಸಿದ್ದಾರೆ.

ಫೆಬ್ರವರಿ 27, ಸೋಮವಾರ

ಅಳೆಯುವವಳು ಬಂದಳು. ರೋಶೀನ್ ಎಂದು ಹೆಸರು, ವಿಶ್ವವಿದ್ಯಾಲಯದವಳು. ಮೂವತ್ತೈದು ಇರಬಹುದು, ತಲೆಗೂದಲು ಗಾಳಿಗೆ ಸಿಕ್ಕ ಹುಲ್ಲಿನ ಬಣವೆ. ಏನೇನೋ ಯಂತ್ರ ತರುತ್ತಾಳೆ ಅಂದುಕೊಂಡಿದ್ದೆ. ತಂದದ್ದು ಮಳೆ ಹಿಡಿಯಲು ಎರಡು ಲಾಳಿಕೆ, ಎರಡು ಬಾಟಲಿ! ಒಂದನ್ನು ನಮ್ಮ ಬೇಲಿಯ ಗೇಟಿನ ಪಕ್ಕ ಕೋಲಿಗೆ ಕಟ್ಟಿದಳು. ಇನ್ನೊಂದನ್ನು ಜೌಗಿನ ನಟ್ಟನಡುವೆ. ಅಲ್ಲಿಗೆ ಹೋಗಲು ಹಲಗೆ ಹಾಸಿದ್ದಾಳೆ.

"ನಮ್ಮ ಕೋಳಿ ಹಿಕ್ಕೆ ಅಳೆಯೋಕೆ ಇಷ್ಟು ದೂರ ಬಂದ್ಯಾ ಮಗಳೇ?" ಅಂದೆ.

"ಹಿಕ್ಕೆ ಅಲ್ಲ, ಅದರಿಂದ ಏಳೋ ಘಾಟು. ಅಮೋನಿಯ. ಗಾಳಿಗೆ ಹೋಗಿ ಮಳೆ ಜೊತೆ ಕೆಳಗಿಳಿಯುತ್ತೆ. ಜೌಗಿನ ತುಂಬ ಇರೋ ಈ ಪಾಚಿಗೆ ಬೇರಿಲ್ಲ ನೋಡಿ, ಆಕಾಶದಿಂದ ಬಿದ್ದದ್ದನ್ನೇ ಕುಡಿದು ಬದುಕೋದು. ಬಡತನಕ್ಕೆ ಒಗ್ಗಿದ್ದು. ಗೊಬ್ಬರ ಜಾಸ್ತಿ ಆದ್ರೆ ಹುಲ್ಲು ಎದ್ದು ಅದನ್ನ ಮುಚ್ಚಿಬಿಡುತ್ತೆ."

ಹೊಟ್ಟೆ ತುಂಬ ಉಂಡು ಸಾಯುವ ಗಿಡದ ಬಗ್ಗೆ ನಾನು ಇದೇ ಮೊದಲು ಕೇಳಿದ್ದು.

ಅವಳಿಗೆ ನೋಡಿಕೊಳ್ಳಲು ಏಳು ಜೌಗುಗಳಿವೆಯಂತೆ. ಎರಡು ವಾರಕ್ಕೊಮ್ಮೆ ಶುಕ್ರವಾರ ಬಾಟಲಿ ಬದಲಿಸಿ, ಮೊಹರು ಹಚ್ಚಿ, ಅವಳು ಬರುವ ತನಕ ನಮ್ಮ ಫ್ರೀಜರಿನಲ್ಲಿ ಇಡಲು ಆಗುತ್ತದೆಯೇ ಎಂದು ಕೇಳಿದಳು. ಒಪ್ಪಿಕೊಂಡೆ. ವೈರಿಯ ಮೇಲೆ ಒಂದು ಕಣ್ಣು ಇದ್ದ ಹಾಗಾಯಿತು.

ಮಾರ್ಚ್ 10, ಶುಕ್ರವಾರ

ಮೊದಲ ಬಾಟಲಿಗಳು. ಹಲಗೆ ಜಾರಿ ಮೊಣಕಾಲವರೆಗೆ ಒಳಗೆ ಹೋದೆ. ಬೂಟು ಹೊರಗೆ ಬಂತು, ಕಾಲುಚೀಲ ಬರಲಿಲ್ಲ. ಈ ಜೌಗಿಗೆ ಕುರಿ ಸಾಲದೆ ನನ್ನ ಕಾಲುಚೀಲವೂ ಬೇಕಾಯಿತು.

ಮಾರ್ಚ್ 24, ಶುಕ್ರವಾರ

ಬಾಟಲಿ ಬದಲಿಸಿದೆ. ಚಳಿ. ಬಟಾಣಿ ಪೊಟ್ಟಣದ ಪಕ್ಕ ಇಟ್ಟೆ.

ಏಪ್ರಿಲ್ 25, ಮಂಗಳವಾರ

ಹಳೇ ಕೋಳಿಗಳು ಕಳೆದ ವಾರ ಹೋದವು. ಫಿಂಟನ್ ರಜೆ ಹಾಕಿದ್ದ. ಇಬ್ಬರೂ ಎರಡು ದಿನ ಕೋಳಿಮನೆ ಕೆರೆದು, ತೊಳೆದು, ಗೊಬ್ಬರವನ್ನೆಲ್ಲ ಜೌಗಿನ ಪಕ್ಕದ ಹೊಲಕ್ಕೆ ಹರಡಿದೆವು. ಕಣ್ಣು ಉರಿಯುವಷ್ಟು ಘಾಟು. ಆದರೂ ಎಷ್ಟು ಖುಷಿಯಾಗಿತ್ತು! ಅವನು ಟ್ರಾಕ್ಟರಿನ ಮೇಲೆ ಅಪಸ್ವರದಲ್ಲಿ ಹಾಡುತ್ತಿದ್ದ. ಮಧ್ಯಾಹ್ನ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ. ಮಂಗಳವಾರ ಗಂಡನಿಗೆ ಬಡಿಸಿದ್ದು ಯಾವ ಕಾಲದಲ್ಲೋ.

"ದಿನಾ ಹೀಗೇ ಇದ್ರೆ ನಿನಗೆ ಬೇಜಾರಾಗುತ್ತೆ ನೋಡು," ಅಂದ.

"ಆಗಲಿ. ಬೇಜಾರಾಗೋಷ್ಟು ದಿನ ಇದ್ದು ತೋರಿಸು," ಅಂದೆ.

ಏಪ್ರಿಲ್ 30, ಭಾನುವಾರ

ಇವತ್ತು ಮೇ ತಿಂಗಳ ಮುನ್ನಾದಿನ. ಎಂಬತ್ತೆಂಟಾದರೂ ಅತ್ತೆ ಬಿಡುವವರಲ್ಲ. ಇಗರ್ಜಿಯಿಂದ ತಂದ ತೀರ್ಥದ ಬಾಟಲಿ ಹಿಡಿದು, ನನ್ನ ತೋಳಿಗೆ ಜೋತುಬಿದ್ದು, ಹೊಲದ ನಾಲ್ಕು ಮೂಲೆಗೂ, ಬಾವಿಗೂ, ಖಾಲಿ ಕೋಳಿಮನೆಗೂ ಚಿಮುಕಿಸಿದರು. ಗೇಟಿನ ಹತ್ತಿರ ರೋಶೀನ್‌ಳ ಲಾಳಿಕೆ ಕಂಡದ್ದೇ ತಡ, ನಿಂತುಬಿಟ್ಟರು.

"ಇದೇನೇ ಇದು? ಗಡಿಯ ಮೇಲೆ ಯಾರೋ ಏನೋ ನೆಟ್ಟಿದಾರೆ!"

"ಆ ಹುಡುಗಿಯ ಮಳೆ ಬಾಟಲಿ ಅತ್ತೆ, ಹೇಳಿದ್ನಲ್ಲ."

"ಯಾರದಾದ್ರೂ ಆಗ್ಲಿ. ನಮ್ಮ ಕಾಲದಲ್ಲಿ ಈ ದಿನ ಪಕ್ಕದವರ ಹುಲ್ಲಲ್ಲಿ ಕೋಳಿಮೊಟ್ಟೆ ಬಚ್ಚಿಟ್ಟು ಅವರ ಅದೃಷ್ಟ ಕದೀತಿದ್ರು. ಇದು ಬಾಟಲಿ, ಅಷ್ಟೇ ವ್ಯತ್ಯಾಸ."

ನಾನು ಕೈ ಹಿಡಿಯುವಷ್ಟರಲ್ಲಿ ಲಾಳಿಕೆಗೆ ಮೂರು ಸಲ ಸುರಿದೇಬಿಟ್ಟರು. ನಡುವೆ ಇನ್ನೊಂದಿದೆ ಎಂದು ನೆನಪಾಗಿ, ಉಳಿದ ತೀರ್ಥವನ್ನು ನನ್ನ ಕೈಗೆ ಕೊಟ್ಟು, "ನನ್ನ ಕಾಲಲ್ಲಿ ಆಗಲ್ಲ, ನೀನು ಹೋಗಿ ಹಾಕಿ ಬಾ," ಅಂದರು. ಅವರನ್ನು ಒಳಗೆ ಕೂರಿಸಿ ಬಂದೆ. ಹಲಗೆ ನೋಡಿದರೆ ಮಳೆಗೆ ನೆನೆದು ಜಾರುತ್ತಿದೆ. ಯಾರಿಗೆ ಬೇಕು? ಚರಂಡಿಗೆ ಸುರಿದು ಹತ್ತು ನಿಮಿಷ ಗೋಡೆಯ ಮರೆಯಲ್ಲಿ ನಿಂತು ಒಳಗೆ ಹೋದೆ.

"ಹಾಕಿದ್ಯಾ?"

"ಹಾಕಿದೆ ಅತ್ತೆ."

ದೇವರೇ, ಐವತ್ತೇಳು ವರ್ಷದ ಹೆಂಗಸು ನಾನು.

ಮೇ 12, ಶುಕ್ರವಾರ

ರೋಶೀನ್ ಬಂದು ಚಹಾಕ್ಕೆ ಕೂತಿದ್ದಳು. ಅತ್ತೆ ಅವಳಿಗೆ ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ, "ನಿನ್ನ ಬಾಟಲಿಗಳಿಗೂ ತೀರ್ಥ ಹಾಕಿಸಿದ್ದೀನಿ ಮಗಾ, ಎರಡಕ್ಕೂ. ಇನ್ನು ಯಾವ ಭಯಾನೂ ಇಲ್ಲ," ಎಂದು ಹೆಮ್ಮೆಯಿಂದ ಹೇಳಿಬಿಟ್ಟರು.

ರೋಶೀನ್‌ಳ ಬ್ರೆಡ್ಡು ಬಾಯಿಯ ಹತ್ತಿರವೇ ನಿಂತಿತು. "ತೀರ್ಥದಲ್ಲಿ ಉಪ್ಪು ಇರುತ್ತಾ?"

"ಮತ್ತೆ? ಉಪ್ಪು ಹಾಕದೆ ಮಂತ್ರಿಸಿದ್ರೆ ಅದು ನಲ್ಲಿ ನೀರು."

ಹುಡುಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಪುಸ್ತಕ ತೆಗೆದು ಆ ಎರಡು ವಾರದ ಲೆಕ್ಕ ಕೆಟ್ಟಿತು ಎಂದು ಬರೆದುಕೊಂಡಳು. "ಒಂದು ಬಾಟಲಿ ಚೊಕ್ಕ ಇದ್ದಿದ್ರೂ ಸಾಕಾಗಿತ್ತು. ಇರ್ಲಿ ಬಿಡಿ. ಈ ಎರಡು ಯಾವಾಗಲಾದ್ರೂ ಎಸೆಯೋಣ," ಎಂದು ಅವುಗಳ ಮೇಲೆ ಕೆಂಪು ಗೀಟು ಎಳೆದು ಮತ್ತೆ ನಮ್ಮ ಫ್ರೀಜರಿಗೇ ಹಾಕಿದಳು.

ನಾನು ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ. ಅತ್ತೆಯ ಮುಂದೆ ಏನೆಂದು ಹೇಳಲಿ? ತೀರ್ಥವನ್ನು ಚರಂಡಿಗೆ ಚೆಲ್ಲಿದೆ ಎಂದೇ?

ಜೂನ್ 16, ಶುಕ್ರವಾರ

ಹೊಸ ಕೋಳಿಗಳು ಮೊಟ್ಟೆಗೆ ಬಂದಿವೆ. ಬಿಡುವಿದ್ದುದರಿಂದ ಜೌಗಿನ ನಡುವೆ ಸ್ವಲ್ಪ ಕೂತೆ. ಹತ್ತಿಹುಲ್ಲು ಬೆಳ್ಳಗೆ ಬಿರಿದಿದೆ. ಪಾಚಿ ಒಂದೇ ಬಣ್ಣ ಅಂದುಕೊಂಡಿದ್ದೆ. ಇಲ್ಲಪ್ಪ. ಒಂದು ಕೆಂಪು, ಒಂದು ಹೊಂಬಣ್ಣ, ಒಂದು ಎಳೆ ಸೌತೆಕಾಯಿ ಹಸಿರು. ಹಿಂಡಿದರೆ ಒಂದು ಹಿಡಿಯಲ್ಲಿ ಒಂದು ಲೋಟ ನೀರು. ದಪ್ಪ ಕೆಂಪು ಗುಡ್ಡೆಯೊಂದಕ್ಕೆ ಮೌರಾ ಚಿಕ್ಕಮ್ಮ ಎಂದು ಹೆಸರಿಟ್ಟೆ. ಅವಳೂ ಹೀಗೇ ಕೂತಲ್ಲಿಂದ ಏಳುತ್ತಿರಲಿಲ್ಲ.

ನಮ್ಮ ಹೊಲದ ಕಡೆಯ ಅಂಚು ಹಾಗಿಲ್ಲ. ಅಲ್ಲಿ ಪಾಚಿಯ ಮೇಲೆ ಹಸಿರು ಲೋಳೆ, ನೆಗಡಿಯಾದ ಮೂಗಿನಂತೆ. ಬಿಳಿ ಕಲ್ಲುಹೂವು ಕೊಳೆತು ನಸುಗೆಂಪಾಗಿದೆ. ಒರಟು ಹುಲ್ಲು ಮೊಣಕಾಲೆತ್ತರ. ಹುಲ್ಲು ಸೊಂಪಾಗಿದ್ದರೆ ನೆಲ ಚೆನ್ನಾಗಿದೆ ಎಂದೇ ನಾವೆಲ್ಲ ತಿಳಿದು ಬೆಳೆದವರು.

ಜುಲೈ 6, ಗುರುವಾರ

ಫಿಂಟನ್ ಲಾರಿಯಿಂದ ಇಳಿಯುವಾಗ ಬಾಗಿಲು ಹಿಡಿದು ಒಂದು ನಿಮಿಷ ನಿಂತ. ಬೆನ್ನು. ಕೇಳಿದರೆ "ಏನಿಲ್ಲ" ಅಂದ. ಬಿಸಿನೀರಿನ ಚೀಲ ಕೊಟ್ಟೆ. ಕೋಳಿಮನೆಯ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿಕೊಂಡು ಅಲ್ಲೇ ನಿದ್ದೆಹೋದ.

ಜುಲೈ 15, ಶನಿವಾರ

ಹೊಸದಾಗಿ ಕೂಡಿದ ಗೊಬ್ಬರದ ಗುಡ್ಡೆಯನ್ನು ಜೌಗಿನ ಕಡೆಯಿಂದ ರಸ್ತೆ ಬದಿಯ ಹೊಲಕ್ಕೆ ಸಾಗಿಸಿ ಟಾರ್ಪಾಲು ಹೊದಿಸಿದೆ. ನೊಣ ಜಾಸ್ತಿಯಾಗಿದ್ದವು, ಅದಕ್ಕೆ.

ಆಗಸ್ಟ್ 25, ಶುಕ್ರವಾರ

ರೋಶೀನ್ ಜೊತೆ ಹೋಗಿದ್ದೆ. ನೊಣ ತಿನ್ನುವ ಗಿಡ ತೋರಿಸಿದಳು. ಉಗುರಿನಷ್ಟಗಲದ ಎಲೆ, ಸುತ್ತ ಅಂಟಿನ ಹನಿ. ನೆಲದಲ್ಲಿ ಏನೂ ಸಿಗದ್ದಕ್ಕೆ ನೊಣ ಹಿಡಿದು ಹೊಟ್ಟೆ ಹೊರೆಯುತ್ತದಂತೆ. "ನಮ್ಮ ಅತ್ತೆಯ ತವರಿನವರ ಹಾಗೆ," ಅಂದೆ, ಬಿದ್ದುಬಿದ್ದು ನಕ್ಕಳು.

ಪಾಚಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಹೆಂಟೆ ಕೂಡಿಸುತ್ತದಂತೆ. ನಮ್ಮಪ್ಪ ಒಂದು ಗುದ್ದಲಿಗೆ ಮುನ್ನೂರು ವರ್ಷ ಎತ್ತುತ್ತಿದ್ದ ಹಾಗಾಯಿತು! ಮೌರಾ ಚಿಕ್ಕಮ್ಮನ ಬಲಗಡೆ ಅಂಗೈಯಗಲ ಲೋಳೆ ಕಂಡಿತು. ಇಷ್ಟು ಒಳಗೆ ಬಂದದ್ದು ಇದೇ ಮೊದಲು. ಮನೆಗೆ ಬಂದ ಮೇಲೂ ಅದೇ ಯೋಚನೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅಕ್ಟೋಬರ್ 27, ಶುಕ್ರವಾರ

ಲೆಕ್ಕ ಬಂತು. ಕೆಟ್ಟ ಆ ಎರಡು ವಾರ ಬಿಟ್ಟು, ಉಳಿದದ್ದರ ಸರಾಸರಿ ಮಿತಿಯ ಕೆಳಗಿದೆ. ಕೂದಲೆಳೆಯಷ್ಟು, ಆದರೂ ಕೆಳಗೆ. ರೋಶೀನ್‌ಗೆ ಖುಷಿಯೂ ಇಲ್ಲ, ಬೇಜಾರೂ ಇಲ್ಲ. "ಗೊಬ್ಬರ ಹರಡಿದ ವಾರಗಳೇ ಬಿಟ್ಟುಹೋದವು, ಏನು ಮಾಡೋಕಾಗುತ್ತೆ. ಹತ್ತನೇ ತಾರೀಕು ವರದಿ ಕೊಡ್ತೀನಿ," ಅಂದಳು.

ಫಿಂಟನ್ ನನ್ನನ್ನು ಅಡುಗೆಮನೆಯಲ್ಲೇ ಎತ್ತಿ ಒಂದು ಸುತ್ತು ಸುತ್ತಿಸಿದ, ಬೆನ್ನಿನ ನೆನಪೂ ಇಲ್ಲದೆ. ಅತ್ತೆ ಜಪಸರ ಎತ್ತಿ ತೋರಿಸಿ, "ತೀರ್ಥದ ಮಹಿಮೆ. ನಗ್ತಿದ್ರಲ್ಲ ಎಲ್ಲರೂ," ಅಂದರು.

ನಾನೂ ನಕ್ಕೆ. ಆಮೇಲೆ ಬಟಾಣಿ ತೆಗೆಯಲು ಫ್ರೀಜರ್ ತೆರೆದೆ. ಕೆಂಪು ಗೀಟಿನ ಎರಡು ಬಾಟಲಿ ಅಲ್ಲೇ ಇವೆ, ಯಾರೂ ಎಸೆದಿಲ್ಲ. ನಡುವಿನದ್ದು ಚೊಕ್ಕವಾಗಿದೆ ಎಂದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು.

ನವೆಂಬರ್ 2, ಗುರುವಾರ

ಬಟಾಣಿ ಬೇಡವೆಂದು ಕ್ಯಾರೆಟ್ ಬೇಯಿಸಿದೆ.

ನವೆಂಬರ್ 4, ಶನಿವಾರ

ಫಿಂಟನ್ ಬೆಳಿಗ್ಗೆಯೇ ಗೂಟ, ಹಗ್ಗ ಹಿಡಿದು ಹೊಸ ಕೋಳಿಮನೆಯ ಜಾಗ ಗುರುತಿಸುತ್ತಿದ್ದ. ನಾಲ್ಕನೇ ಗೂಟ ಬಡಿಯುವಾಗ ಹೇಳಿಬಿಟ್ಟೆ. ತೀರ್ಥ ಚೆಲ್ಲಿದ್ದು, ಸುಳ್ಳು ಹೇಳಿದ್ದು, ಬಾಟಲಿ ಚೊಕ್ಕ ಇರುವುದು, ಎಲ್ಲ.

ಗೂಟವನ್ನು ಪೂರ್ತಿ ಬಡಿದು ಮುಗಿಸಿದ ಮೇಲೆ ಕೇಳಿದ, "ಎಸೆದುಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಹೌದು, ಯಾರಿಗೂ ಇಲ್ಲ."

"ಮತ್ತೆ?"

"ಲೋಳೆ ನಡುವಿನ ತನಕ ಬಂದಿದೆ ಫಿಂಟನ್. ಇನ್ನೊಂದು ಕೋಳಿಮನೆ ಆದ್ರೆ ಅದು ಉಳಿಯಲ್ಲ."

"ಜೌಗು ಯಾವಾಗಿಂದ ನಿನಗೆ ನೆಂಟ ಆಯ್ತು?"

ಯಾವಾಗಿಂದ ಎಂದು ನನಗೂ ನಿಜವಾಗಿ ಗೊತ್ತಿಲ್ಲ.

"ನಾನು ಇನ್ನೆಷ್ಟು ವರ್ಷ ಆ ಸೀಟಲ್ಲಿ ಕೂರಲಿ, ಡಿಂಪ್ನಾ?" ಅಂದ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದ. ನನಗೆ ಅಳು ಬಂತು, ಅಲ್ಲೇ ಗೂಟಗಳ ನಡುವೆ ನಿಂತು ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ. ಸುತ್ತಿಗೆ ಬಿಸಾಕಿ ಒಳಗೆ ಹೋದ.

ನವೆಂಬರ್ 5, ಭಾನುವಾರ

ರೋಶೀನ್‌ಗೆ ಫೋನ್ ಮಾಡಿ ಹೇಳಿದೆ. "ಇದು ನಿಮಗೆ ಎಷ್ಟು ದೊಡ್ಡ ನಷ್ಟ ಅಂತ ಗೊತ್ತಲ್ವಾ?" ಅಂದಳು. "ಗೊತ್ತು, ಬಂದು ಬಾಟಲಿ ತಗೊಂಡು ಹೋಗು, ಫ್ರೀಜರಿನಲ್ಲಿ ಜಾಗ ಬೇಕು," ಅಂದೆ.

ಇನ್ನು ಅತ್ತೆ. ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಕೋಟು ಬಿಚ್ಚುತ್ತಿದ್ದರು. ಒಂದೇ ಉಸಿರಿನಲ್ಲಿ ಹೇಳಿದೆ.

"ಗೊತ್ತಿತ್ತು," ಅಂದರು.

"ಏನು ಗೊತ್ತಿತ್ತು?"

"ಜೌಗಿನ ನಡುವೆ ಹೋಗಿ ಬಂದವಳ ಬೂಟು ಒಣಗಿತ್ತು. ನನಗೆ ಕಣ್ಣಿಲ್ವಾ?"

"ಮತ್ತೆ ಆ ಹುಡುಗಿ ಮುಂದೆ ಎರಡಕ್ಕೂ ಹಾಕಿಸಿದ್ದೀನಿ ಅಂದ್ರಲ್ಲ!"

"ಹೊರಗಿನವರ ಮುಂದೆ ಸೊಸೆ ಮಾನ ತೆಗೀಲಾ?" ಎಂದು ಕೋಟನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡು, "ನನ್ನ ಮಗ ಮನೆಗೆ ಬರ್ತಾನೇನೋ ಅಂತ ನಾನೂ ಸುಮ್ಮನಿದ್ದೆ," ಅಂದರು. ಇಬ್ಬರೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತೆವು. ಫಿಂಟನ್ ಊಟಕ್ಕೆ ಬಂದ, ಉಂಡ, ಎದ್ದ.

ನವೆಂಬರ್ 24, ಶುಕ್ರವಾರ

ಆ ಬಾಟಲಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಿತಿಯ ಮೇಲೆ. ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ಮೇಲೆ. ರೋಶೀನ್ ಖುದ್ದು ಬಂದು ಹೇಳಿದಳು, ಕೇಕ್ ತಂದಿದ್ದಳು. ಸಾವಿನ ಮನೆಗೆ ತರುವ ಹಾಗೆ.

ಫಿಂಟನ್ ಮೂರು ವಾರದಲ್ಲಿ ನನ್ನೊಡನೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಇವತ್ತು ಅವಳನ್ನೇ ಕೇಳಿದ, "ಈಗಿರೋ ಕೋಳಿಮನೆ ಘಾಟು ಕಡಿಮೆ ಮಾಡೋಕೆ ಏನಾದ್ರೂ ದಾರಿ ಇದ್ಯಾ?" ಹಿಕ್ಕೆಯನ್ನು ಒಣಗಿಸಿ ವಾರಕ್ಕೆರಡು ಸಲ ಹೊರಗೆ ಸಾಗಿಸುವ, ಯಂತ್ರದಿಂದ ಓಡುವ ಬೆಲ್ಟ್ ಇದೆ, ಜೌಗಿಗೆ ಗಾಳಿ ಬರುವ ಕಡೆ ಮರ ನೆಡಬಹುದು ಎಂದಳು. ಅವನು ಕಾಗದ ತೆಗೆದು ಬರೆದುಕೊಂಡ. ಹೊಸ ಕೋಳಿಮನೆಯ ನಕ್ಷೆಯ ಹಿಂಬದಿಯಲ್ಲೇ ಬರೆದುಕೊಂಡ.

ನವೆಂಬರ್ 26, ಭಾನುವಾರ

ಕೆಲಸ ಮುಗಿದಿದ್ದರೂ ಜೌಗಿಗೆ ಹೋಗಿದ್ದೆ, ಸುಮ್ಮನೆ. ಹಿಂದೆ ಹಲಗೆ ಸದ್ದಾಯಿತು. ಫಿಂಟನ್! ತನ್ನೂರಿನ ಜೌಗಿನ ಅಂಚಿನಲ್ಲಿ ಹೆಂಟೆ ಕಡಿದದ್ದು ಬಿಟ್ಟರೆ ಯಾವ ಜೌಗಿನ ನಡುವಿಗೂ ಹೋದವನೇ ಅಲ್ಲ. ಮೌರಾ ಚಿಕ್ಕಮ್ಮನನ್ನು ಪರಿಚಯ ಮಾಡಿಸಿದೆ. ಲೋಳೆ ತೋರಿಸಿದೆ. ಬಗ್ಗಿ, ಬೆರಳಿಂದ ಮುಟ್ಟಿ, ಪ್ಯಾಂಟಿಗೆ ಒರೆಸಿಕೊಂಡ.

"ಇನ್ನೂ ಸಿಟ್ಟಿದೆ ನನಗೆ," ಅಂದ.

"ಇರ್ಲಿ."

"ಸಿಟ್ಟು ನಿನ್ನ ಮೇಲಲ್ಲ. ಸೋಮವಾರದ ಮೇಲೆ."

ಮಳೆ ಬರುವ ತನಕ ನಿಂತಿದ್ದೆವು.

ಡಿಸೆಂಬರ್ 8, ಶುಕ್ರವಾರ

ಕೌಂಟಿ ಕಚೇರಿಯ ಕಾಗದ. ಅನುಮತಿ ಇಲ್ಲ. ಗೊತ್ತಿದ್ದದ್ದೇ, ಆದರೂ ಎರಡು ಸಲ ಓದಿದೆ. ಫಿಂಟನ್ ಓದಿ ಗಡಿಯಾರದ ಹಿಂದೆ ಸಿಕ್ಕಿಸಿದ. ದೇವಮಾತೆಯ ಹಬ್ಬದ ದಿನವೆಂದು ಎಲ್ಲರೂ ಪೇಟೆಗೆ ಹೋದೆವು. ಅತ್ತೆಗೆ ಚಪ್ಪಲಿ, ನನಗೆ ದಪ್ಪ ಕಾಲುಚೀಲ.

ರಾತ್ರಿ ಊಟದ ಹೊತ್ತಿಗೆ ರೋಶೀನ್ ಫೋನ್. ಸೋಮವಾರದಿಂದ ನಾಲ್ಕು ದಿನ ರಜೆ ಇದೆಯಂತೆ. "ಡಿಂಪ್ನಾ, ಕೋಳಿಗಳನ್ನ ನಾನು ನೋಡ್ಕೋತೀನಿ. ನೀವು ಎಲ್ಲಿಗಾದ್ರೂ ಹೋಗಿ ಬನ್ನಿ," ಅಂದಳು. ನನಗೆ ಹೋಗಲು ಎಲ್ಲಿದೆ ಊರು? ಹೇಳುವಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡು, "ಬಾ ಮಗಾ, ನಾನು ಕಲಿಸ್ತೀನಿ. ಕೋಳಿ ಮೇಯಿಸೋಕೆ ಲಾಳಿಕೆ ಬೇಡ," ಅಂದರು.

ಡಿಸೆಂಬರ್ 12, ಮಂಗಳವಾರ

ಇದನ್ನು ಲಾರಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಕಾರ್ಕ್ ಪಟ್ಟಣದ ದಾರಿ. ಜೊತೆಗೆ ಯಾರನ್ನೂ ಕೂರಿಸಬಾರದೆಂದು ಕಂಪನಿಯ ನಿಯಮವಂತೆ. ಯಾರಾದರೂ ಕೇಳಿದರೆ ನಾನು ಮೇವಿನ ಚೀಲ ಎಂದು ಹೇಳಲು ಫಿಂಟನ್‌ಗೆ ಕಲಿಸಿದ್ದೇನೆ.

ಇಷ್ಟು ವರ್ಷ ಈ ಸೀಟನ್ನು ಬೈದದ್ದೇ ಬೈದದ್ದು, ಒಂದು ಸಲವೂ ಹತ್ತಿರಲಿಲ್ಲ. ಎತ್ತರ ಎಷ್ಟಿದೆ! ನಿನ್ನೆ ಹೊರಡುವಾಗ ಬೇಲಿಯ ಮೇಲಿಂದ ಜೌಗು ಪೂರ್ತಿ ಕಂಡಿತು, ನಡುವೆ ಇನ್ನೂ ಕೆಂಪಾಗಿದೆ. ಇವನು ಯಾವ ಹೋಟೆಲಿನಲ್ಲಿ ಚಹಾ ಕುಡಿಯುತ್ತಾನೆ, ಯಾವ ತಿರುವಿನಲ್ಲಿ ಬೆನ್ನಿಗೆ ಕೈ ಕೊಟ್ಟು ಕೂರುತ್ತಾನೆ, ಎಲ್ಲ ಎರಡೇ ದಿನದಲ್ಲಿ ತಿಳಿಯಿತು. ಹೋಟೆಲಿನ ಹೆಂಗಸು ನನ್ನನ್ನು ನೋಡಿ, "ಓ, ಡಿಂಪ್ನಾ ಅಂದ್ರೆ ನೀವೇನಾ? ಇಲ್ಲಿಗೆ ಬಂದ್ರೆ ನಿಮ್ಮ ಮಾತು ಬಿಟ್ಟು ಬೇರೆ ಮಾತಿಲ್ಲ ಇವರಿಗೆ," ಅಂದಳು. ಅವನು ಕಿವಿ ಕೆಂಪು ಮಾಡಿಕೊಂಡು ಸಕ್ಕರೆ ಕಲಸುತ್ತ ಕೂತ.

ಈಗ ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಪಕ್ಕದಲ್ಲಿ ನನ್ನ ಗಂಡ ಅಪಸ್ವರದಲ್ಲಿ ಹಾಡುತ್ತಿದ್ದಾನೆ.